ಹಳೆಯ ಎಂಜಿನ್‌ನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್: ಸೋರಿಕೆಯ ಪತ್ತೆ, ಅದರ ಕಾರಣ ಮತ್ತು ಬದಲಾವಣೆ

ರಾತ್ರಿಯೆಲ್ಲ ನಿಂತು ತಣ್ಣಗಾಗಿದ್ದ ಹಳೆಯ ಕಾರನ್ನು ಬೆಳಿಗ್ಗೆ ಚಾಲೂ ಮಾಡಿದ ಕೂಡಲೆ ಬಾನೆಟ್ಟಿನ ಅಡಿಯಿಂದ ‘ಟಿಕ್ ಟಿಕ್’ ಎಂಬ ಹರಿತವಾದ ಸದ್ದು ಕೇಳಿಸಿ, ಎಂಜಿನ್ ಬಿಸಿಯೇರಿದಂತೆ ಐದಾರು ನಿಮಿಷಗಳಲ್ಲಿ ಅದು ತಾನಾಗಿ ಅಡಗಿಹೋದರೆ, ಹೆಚ್ಚಿನವರು ಮೊದಲು ಅನುಮಾನಿಸುವುದು ವಾಲ್ವ್‌ಗಳನ್ನು ತೆರೆಯುವ ಟ್ಯಾಪೆಟ್‌ಗಳನ್ನು. ಟ್ಯಾಪೆಟ್ ಕವರ್ ಬಿಚ್ಚಿ, ಎಲ್ಲ ವಾಲ್ವ್‌ಗಳ ಅಂತರವನ್ನು ಸರಿಪಡಿಸಿ, ಕವರಿನ ಗ್ಯಾಸ್ಕೆಟ್ಟನ್ನೂ ಹೊಸದು ಹಾಕಿ ಮುಗಿಸಿದ ಮೇಲೆ, ಮರುದಿನ ಬೆಳಿಗ್ಗೆ ಅದೇ ಸದ್ದು ಮತ್ತೆ ಕೇಳಿಸುತ್ತದೆ. ಸಿಲಿಂಡರ್ ಹೆಡ್ಡಿಗೂ, ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸಿ ಕೊಳವೆಗೆ ಸಾಗಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೂ ನಡುವೆ ಸೋರದಂತೆ ಇಟ್ಟಿರುವ ಗ್ಯಾಸ್ಕೆಟ್ ಎಲ್ಲೋ ಒಂದು ಕಡೆ ಬಿಟ್ಟುಕೊಂಡು, ಪ್ರತಿ ಬಾರಿ ಆ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ತೆರೆದಾಗಲೂ ಒಂದು ಪುಟ್ಟ ಅನಿಲದ ಚಿಮ್ಮು ಆ ಸಂದಿಯಿಂದ ಹೊರಬೀಳುವುದರ ಸದ್ದು ಅದಾಗಿರುವ ಸಾಧ್ಯತೆ ಬಹಳ. ಲೋಹ ಕಾದು ಹಿಗ್ಗಿದಾಗ ಸಂದಿ ಮುಚ್ಚಿಕೊಳ್ಳುತ್ತದೆ, ಸದ್ದು ನಿಲ್ಲುತ್ತದೆ, ಮಾಲೀಕನಿಗೆ ಸಮಾಧಾನವಾಗುತ್ತದೆ. ತೊಂದರೆ ಹಾಗೆಯೇ ಉಳಿದಿರುತ್ತದೆ.

ಸದ್ದಿನ ಲಯವನ್ನು ಎಣಿಸಿ ಇವೆರಡನ್ನು ಬೇರೆ ಮಾಡಲಾಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಒಂದು ವಾಲ್ವ್ ಒಮ್ಮೆ ತೆರೆಯುತ್ತದೆ. ಹಾಗಾಗಿ 800 ಆರ್‌ಪಿಎಂ (ನಿಮಿಷಕ್ಕೆ 800 ಸುತ್ತು) ಐಡ್ಲಿಂಗ್‌ನಲ್ಲಿ, ಅಂದರೆ ಕಾರು ನಿಂತಿರುವಾಗಿನ ನಿಧಾನ ಓಟದಲ್ಲಿ, ಸಡಿಲವಾದ ಒಂದು ಟ್ಯಾಪೆಟ್ ನಿಮಿಷಕ್ಕೆ 400 ಬಾರಿ ಬಡಿಯುತ್ತದೆ, ಸೋರುವ ಒಂದು ಪೋರ್ಟ್ (ಹೆಡ್ಡಿನಲ್ಲಿ ಹೊಗೆ ಹೊರಬರುವ ದ್ವಾರ) ಕೂಡ ನಿಮಿಷಕ್ಕೆ 400 ಬಾರಿಯೇ ಚಿಮ್ಮುತ್ತದೆ. ವ್ಯತ್ಯಾಸ ಕಾಣಿಸುವುದು ಭಾರ ಬಿದ್ದಾಗ. ಟ್ಯಾಪೆಟ್ಟಿನ ಸದ್ದು ವೇಗದೊಡನೆ ಚುರುಕಾಗುತ್ತದೆಯೇ ಹೊರತು ಎಂಜಿನ್ ಎಷ್ಟು ದುಡಿಯುತ್ತಿದೆ ಎಂಬುದನ್ನು ಅದು ಹೆಚ್ಚು ಲೆಕ್ಕಿಸುವುದಿಲ್ಲ. ಎಕ್ಸಾಸ್ಟ್ ಸೋರಿಕೆಯಾದರೋ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದ ತಕ್ಷಣ ‘ಚಟ್ ಚಟ್’ ಎಂದು ಜೋರಾಗಿ, ಕಾಲು ತೆಗೆದೊಡನೆ ತಗ್ಗುತ್ತದೆ. ಇನ್ನೂ ಅನುಮಾನ ಉಳಿದರೆ ಕವರ್ ತೆಗೆದು, ಐಡ್ಲಿಂಗ್‌ನಲ್ಲಿ ಓಡುತ್ತಿರುವಾಗಲೇ ವಾಲ್ವನ್ನು ಒತ್ತುವ ಒಂದೊಂದು ರಾಕರಿಗೂ ವಾಲ್ವಿನ ತುದಿಗೂ ನಡುವೆ, ಸಂದಿ ಅಳೆಯುವ ಫೀಲರ್ ಗೇಜಿನ ತೆಳು ಎಲೆಯನ್ನು ತೂರಿಸಿ ನೋಡಬಹುದು. ಸದ್ದು ಯಾವ ರಾಕರಿನಲ್ಲೂ ಬದಲಾಗದಿದ್ದರೆ ಟ್ಯಾಪೆಟ್ ನಿರ್ದೋಷಿ. ಕ್ಯಾಮ್‌ಶಾಫ್ಟಿನಿಂದ ನಡೆಯುವ ಯಾಂತ್ರಿಕ ಪೆಟ್ರೋಲ್ ಪಂಪು ಕೂಡ ಇಂಥದೇ ಸದ್ದು ಮಾಡುತ್ತದೆಯಾದರೂ, ಅದರ ಮೇಲೆ ಬೆರಳಿಟ್ಟರೆ ಬಡಿತ ಕೈಗೇ ತಿಳಿಯುವುದರಿಂದ ಅದನ್ನು ಕೂಡಲೇ ಪಟ್ಟಿಯಿಂದ ತೆಗೆಯಬಹುದು.

ಯಾವ ಸಿಲಿಂಡರ್ ಎಂದು ತಿಳಿಯಲು ಸ್ಪಾರ್ಕ್ ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಬಿಡಿಸುವ ಹಳೆಯ ಪರೀಕ್ಷೆ ಇಲ್ಲಿ ಚೆನ್ನಾಗಿ ನಡೆಯುತ್ತದೆ. ಬಿಡಿಸಿದ ತಂತಿಯನ್ನು ಗಾಳಿಯಲ್ಲಿ ತೂಗುಬಿಡದೆ, ಜಂಪರ್ ತಂತಿಯ ಮೂಲಕ ಬ್ಲಾಕಿಗೆ ಅರ್ತ್ ಮಾಡಬೇಕು. ಇಲ್ಲದಿದ್ದರೆ ಕಾಯಿಲ್‌ನ ವೋಲ್ಟೇಜ್ ಬೇರೆ ದಾರಿ ಹುಡುಕಿ ಡಿಸ್ಟ್ರಿಬ್ಯೂಟರ್ ಕ್ಯಾಪನ್ನೋ ಕಾಯಿಲನ್ನೋ ಹಾಳುಮಾಡಬಹುದು. ಸೋರುವ ಸಿಲಿಂಡರಿನ ಕಿಡಿ ನಿಂತಾಗ ‘ಟಿಕ್’ ಬಹುತೇಕ ಮಾಯವಾಗುತ್ತದೆ, ಏಕೆಂದರೆ ಉರಿಯದ ಸಿಲಿಂಡರಿನಿಂದ ಹೊರಬರುವ ಗಾಳಿಗೆ ಅಂಥ ಒತ್ತಡವಿರುವುದಿಲ್ಲ. ಆದರೆ ಕನೆಕ್ಟಿಂಗ್ ರಾಡಿನ ಬೇರಿಂಗ್ ಬಡಿತವೂ ಕಿಡಿ ನಿಲ್ಲಿಸಿದಾಗ ತಗ್ಗುತ್ತದೆ ಎಂಬುದನ್ನು ಮರೆಯಬಾರದು. ಅದನ್ನು ಬೇರೆ ಮಾಡುವುದು ತಾಪಮಾನ: ಬೇರಿಂಗ್ ಬಡಿತ ಗಡುಸಾಗಿ, ಕೆಳಗಿನಿಂದ ಬಂದಂತೆ ಕೇಳಿಸುತ್ತದೆ ಮತ್ತು ಎಣ್ಣೆ ಬಿಸಿಯಾಗಿ ತೆಳುವಾದಂತೆ ಹೆಚ್ಚುತ್ತದೆ, ಗ್ಯಾಸ್ಕೆಟ್ ಸೋರಿಕೆ ಬಿಸಿಯಾದಂತೆ ಇಳಿಯುತ್ತದೆ.

ಪೋರ್ಟ್‌ಗಳು ಜೋಡಿಯಾಗಿರುವ ಎಂಜಿನ್‌ಗಳಲ್ಲಿ ಈ ಪರೀಕ್ಷೆಯ ಉತ್ತರವನ್ನು ಸ್ವಲ್ಪ ಯೋಚಿಸಿ ಓದಬೇಕಾಗುತ್ತದೆ. 1951ರಲ್ಲಿ ಆಸ್ಟಿನ್ ಎ30ರೊಡನೆ ಬಂದು, ಮುಂದೆ ಮಾರಿಸ್ ಮೈನರ್ ಮತ್ತು ಮಿನಿಗಳಲ್ಲಿ ದಶಕಗಳ ಕಾಲ ಓಡಿದ ಎ-ಸೀರೀಸ್ ಎಂಜಿನ್ ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ನಾಲ್ಕು ಸಿಲಿಂಡರ್‌ಗಳಿಗೆ ಎಕ್ಸಾಸ್ಟ್ ಪೋರ್ಟ್‌ಗಳು ಮೂರೇ. 2 ಮತ್ತು 3ನೆಯ ಸಿಲಿಂಡರ್‌ಗಳು ನಡುವಿನ ಒಂದೇ ಪೋರ್ಟಿಗೆ ಉಸಿರು ಬಿಡುತ್ತವೆ. ಆ ನಡುವಿನ ಪೋರ್ಟ್ ಸೋರುತ್ತಿದ್ದರೆ 2ನೆಯ ತಂತಿ ಬಿಡಿಸಿದಾಗಲೂ ಸದ್ದು ಅರ್ಧವಷ್ಟೇ ಆಗುತ್ತದೆ, 3ನೆಯದನ್ನು ಬಿಡಿಸಿದಾಗಲೂ ಅರ್ಧವೇ. ಎರಡು ಅರ್ಧಗಳನ್ನು ಕಂಡಾಗ ನಡುವಿನ ಪೋರ್ಟ್ ಎಂದು ತೀರ್ಮಾನಿಸಬೇಕು.

ಇನ್ನೊಂದು ಲಕ್ಷಣವೆಂದರೆ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಕೇಳಿಸುವ ‘ಪಟ್ ಪಟ್’ ಸಿಡಿತ. ಎಕ್ಸಾಸ್ಟಿನೊಳಗಿನ ಒತ್ತಡ ಸದಾ ಹೊರಮುಖವಾಗಿರುವುದಿಲ್ಲ. ಒಂದು ಚಿಮ್ಮು ಮುಂದೆ ಹೋದ ಬೆನ್ನಿಗೆ ಕ್ಷಣಕಾಲ ಒತ್ತಡ ಹೊರಗಿನ ಗಾಳಿಗಿಂತ ಕೆಳಗಿಳಿಯುತ್ತದೆ, ಆಗ ಸಂದಿಯಿಂದ ಗಾಳಿ ಒಳಕ್ಕೆ ಸೆಳೆಯಲ್ಪಡುತ್ತದೆ, ಪೂರ್ತಿ ಉರಿಯದೆ ಬಂದ ಪೆಟ್ರೋಲ್ ಆವಿ ಆ ಗಾಳಿ ಸಿಕ್ಕೊಡನೆ ಕೊಳವೆಯೊಳಗೇ ಹೊತ್ತಿಕೊಳ್ಳುತ್ತದೆ. ಇದೇ ಕಾರಣಕ್ಕೆ, ಸೋರುವ ಎಂಜಿನ್ನಿನ ಹೊಗೆಯನ್ನು ಬಾಲದ ಕೊಳವೆಯಲ್ಲಿ ಅಳೆದು ಕಾರ್ಬ್ಯುರೇಟರ್ ಹೊಂದಿಸಲು ಹೋದರೆ, ಒಳನುಗ್ಗಿದ ಗಾಳಿ ಅಳತೆಯನ್ನು ತೆಳುಗೊಳಿಸಿ ದಾರಿ ತಪ್ಪಿಸುತ್ತದೆ. ಸೋರಿಕೆ ನಿಲ್ಲಿಸುವವರೆಗೆ ಮಿಶ್ರಣದ ಸ್ಕ್ರೂವನ್ನು ಮುಟ್ಟಬಾರದು.

ಇದನ್ನು ಬರೀ ಸದ್ದಿನ ಕಿರಿಕಿರಿ ಎಂದು ಮುಂದೂಡುವವರಿಗೆ ಒಂದು ಮಾತು. ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಕಾರ್ಬ್ಯುರೇಟರ್ ಎಂಜಿನ್ನಿನ ಹೊಗೆಯಲ್ಲಿ ಐಡ್ಲಿಂಗ್‌ನಲ್ಲಿ ಶೇ. 3ರಷ್ಟು ಕಾರ್ಬನ್ ಮಾನಾಕ್ಸೈಡ್ ಇರುವುದು ಸಾಮಾನ್ಯ. ಅಂದರೆ ಹತ್ತು ಲಕ್ಷ ಭಾಗಕ್ಕೆ 30,000 ಭಾಗ. ಉಸಿರಾಡುವ ಗಾಳಿಯಲ್ಲಿ 800 ಭಾಗ ಇದ್ದರೇ ಮುಕ್ಕಾಲು ಗಂಟೆಯೊಳಗೆ ತಲೆಸುತ್ತು, ವಾಕರಿಕೆ ಶುರುವಾಗುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಳೆಯ ಕಾರುಗಳಲ್ಲಿ ಹೀಟರಿನ ಗಾಳಿ ಒಳಬರುವ ಜಾಲರಿ ಬಾನೆಟ್ಟಿನ ಹಿಂಬದಿಯಲ್ಲಿ, ಮುಂಗಾಜಿನ ಬುಡದಲ್ಲಿರುತ್ತದೆ ಮತ್ತು ಎಂಜಿನ್ ಕೋಣೆಯ ಗೋಡೆಯಲ್ಲಿ ತಂತಿ, ಕೊಳವೆ ಹಾಯುವ ತೂತುಗಳ ರಬ್ಬರ್ ಗ್ರಾಮೆಟ್‌ಗಳು ಎಂದೋ ಒಡೆದುಹೋಗಿರುತ್ತವೆ. ಆದ್ದರಿಂದ ಸೋರಿಕೆ ಖಚಿತವಾದ ಮೇಲೆ ಹೀಟರ್ ಹಾಕಿಕೊಂಡು ದೂರ ಪ್ರಯಾಣ ಮಾಡುವಂತಿಲ್ಲ, ಮುಂದೆ ಹೇಳುವ ಯಾವ ಪರೀಕ್ಷೆಯನ್ನೂ ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿ ಮಾಡುವಂತಿಲ್ಲ.

ಸೋರುವ ಜಾಗವನ್ನು ಹುಡುಕುವುದು

ಎಂಜಿನ್ ತಣ್ಣಗಿರುವಾಗ ಟಾರ್ಚ್ ಹಿಡಿದು ಮ್ಯಾನಿಫೋಲ್ಡ್ ಹೆಡ್ಡಿಗೆ ತಾಗುವ ಗೆರೆಯನ್ನು ಮೇಲಿನಿಂದಲೂ ಕೆಳಗಿನಿಂದಲೂ, ಕಾಣದ ಕಡೆ ಪುಟ್ಟ ಕನ್ನಡಿ ಇಟ್ಟೂ ನೋಡಬೇಕು. ಸೋರಿಕೆ ಇರುವಲ್ಲಿ ಬೀಸಣಿಗೆಯಂತೆ ಹರಡಿದ ಕಪ್ಪು ಮಸಿಯ ಗುರುತಿರುತ್ತದೆ. ಹಳೆಯ ಸೋರಿಕೆಯಾದರೆ ಮಸಿ ಸುಟ್ಟುಹೋಗಿ ಬೂದು ಬಿಳಿಯ ಕಲೆ ಉಳಿದಿರುವುದೂ ಉಂಟು. ಗುರುತು ಎಲ್ಲಿ ದಟ್ಟವಾಗಿದೆಯೋ ಅದರ ಹತ್ತಿರದ ನಟ್ ಸಡಿಲವಾಗಿದೆಯೇ, ಸ್ಟಡ್ (ನಟ್ ಕೂರುವ, ಸ್ಕ್ರೂವಿನಂಥ ಎಳೆಗಳಿರುವ ಕಡ್ಡಿ) ತುಂಡಾಗಿದೆಯೇ ಎಂದು ಅಲ್ಲೇ ನೋಡಿಬಿಡಬೇಕು. ಎಷ್ಟೋ ಬಾರಿ ಹುಡುಕಾಟ ಅಲ್ಲಿಗೇ ಮುಗಿಯುತ್ತದೆ.

ಮಸಿ ಕಾಣಿಸದಿದ್ದರೆ ಒಂದು ಮೀಟರ್ ಉದ್ದದ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಯ ಬಳಿ ಹಿಡಿದು, ತಣ್ಣನೆಯ ಎಂಜಿನ್ ಚಾಲೂ ಆದ ಮೊದಲ ಒಂದೆರಡು ನಿಮಿಷಗಳಲ್ಲೇ ಇನ್ನೊಂದು ತುದಿಯನ್ನು ಪೋರ್ಟಿನಿಂದ ಪೋರ್ಟಿಗೆ ಸರಿಸುತ್ತ ಕೇಳಬೇಕು. ಮೆಕ್ಯಾನಿಕ್‌ಗಳು ಬಳಸುವ ಲೋಹದ ಕಡ್ಡಿಯ ಸ್ಟೆತಸ್ಕೋಪ್ ಈ ಕೆಲಸಕ್ಕೆ ಒಳ್ಳೆಯದಲ್ಲ. ಅದು ಲೋಹದ ಕಂಪನವನ್ನು ಹಿಡಿಯುತ್ತದೆ. ನಮಗೆ ಬೇಕಾದದ್ದು ಗಾಳಿಯಲ್ಲಿ ಬರುವ ಸದ್ದು. ಬಾಲದ ಕೊಳವೆಗೆ ದಪ್ಪ ಬಟ್ಟೆಯನ್ನು ಕ್ಷಣಕಾಲ ಅರ್ಧ ಒತ್ತಿ ಹಿಡಿಯಲು ಒಬ್ಬರು ಸಹಾಯಕರಿದ್ದರೆ ಒಳಗಿನ ಒತ್ತಡ ಏರಿ ಸಣ್ಣ ಸೋರಿಕೆಯೂ ‘ಬುಸ್’ ಎನ್ನುತ್ತದೆ.

ನನಗೆ ಹೆಚ್ಚು ನಂಬಿಕೆಯಿರುವುದು ಎಂಜಿನ್ ಓಡಿಸದೆ ಮಾಡುವ ಪರೀಕ್ಷೆಯಲ್ಲಿ. ಗಾಳಿ ಊದುವ ಬಾಯಿ ಇರುವ ವ್ಯಾಕ್ಯೂಮ್ ಕ್ಲೀನರಿನ ಕೊಳವೆಯನ್ನು ಬಾಲದ ಕೊಳವೆಗೆ ಇಟ್ಟು, ಸುತ್ತ ಬಟ್ಟೆ ಸುತ್ತಿ, ಮ್ಯಾನಿಫೋಲ್ಡಿನ ಎಲ್ಲ ಕೂಡುಗೆರೆಗಳ ಮೇಲೂ ಸೋಪಿನ ನೀರನ್ನು ಸಿಂಪಡಿಸಿದರೆ ಸೋರುವ ಜಾಗದಲ್ಲಿ ಗುಳ್ಳೆಗಳು ಏಳುತ್ತವೆ. ಸುಟ್ಟುಕೊಳ್ಳುವ ಭಯವಿಲ್ಲ, ಅವಸರವಿಲ್ಲ, ಕೊಳವೆಯ ಮುಂದಿನ ಕೀಲು ಮತ್ತು ಸೈಲೆನ್ಸರಿನ ಸ್ತರಗಳೂ ಒಂದೇ ಬಾರಿಗೆ ಪರೀಕ್ಷೆಗೆ ಒಳಗಾಗುತ್ತವೆ. ಮ್ಯಾನಿಫೋಲ್ಡಿನಿಂದ ಬರುತ್ತಿದೆ ಎಂದುಕೊಂಡ ಸದ್ದು ವಾಸ್ತವವಾಗಿ ಅದರ ಕೆಳಗಿನ ಮುಂಗೊಳವೆಯನ್ನು ಬೋಲ್ಟ್ ಹಾಕಿ ಕೂಡಿಸುವ ಚಪ್ಪಟೆ ಅಂಚಿನ, ಅಂದರೆ ಫ್ಲಾಂಜಿನದಾಗಿರುವುದು ಅಪರೂಪವೇನಲ್ಲ.

ಗುಳ್ಳೆ ಗ್ಯಾಸ್ಕೆಟ್ಟಿನ ಗೆರೆಯಲ್ಲಿ ಏಳದೆ ಮ್ಯಾನಿಫೋಲ್ಡಿನ ಮೈಯಲ್ಲೇ ಎದ್ದರೆ ಅದು ಎರಕದಲ್ಲಿನ ಬಿರುಕು. ಬಿರುಕಿನ ನಡತೆ ಹಲವೊಮ್ಮೆ ಗ್ಯಾಸ್ಕೆಟ್ಟಿಗೆ ವಿರುದ್ಧ: ತಣ್ಣಗಿರುವಾಗ ಮುಚ್ಚಿಕೊಂಡಿದ್ದು ಕಾದಾಗ ಬಾಯಿ ಬಿಡುತ್ತದೆ. ಆದ್ದರಿಂದ ಬಿಸಿಯಾದಂತೆ ಸದ್ದು ಹೆಚ್ಚುವ ಎಂಜಿನ್ನಿನಲ್ಲಿ ಗ್ಯಾಸ್ಕೆಟ್ ತರಿಸುವ ಮುನ್ನ ಬಿರುಕನ್ನೇ ಹುಡುಕಬೇಕು. ಬಿಚ್ಚಿದ ಮ್ಯಾನಿಫೋಲ್ಡನ್ನು ತೂಗುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿಯಾದದ್ದು ಗಂಟೆಯಂತೆ ಗುಣುಗುತ್ತದೆ, ಬಿರುಕು ಬಿಟ್ಟದ್ದು ಒಡಕು ಮಡಕೆಯಂತೆ ‘ಡಬ್’ ಎನ್ನುತ್ತದೆ. ಸಂಶಯದ ಜಾಗಕ್ಕೆ ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿ ಕಾಲು ಗಂಟೆ ಬಿಟ್ಟರೆ, ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಮೇಲೆ ಬಂದು ಬಿಳಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ.

ಇನ್‌ಟೇಕ್ (ಗಾಳಿ, ಪೆಟ್ರೋಲ್ ಒಳಹೋಗುವ ಮ್ಯಾನಿಫೋಲ್ಡ್) ಮತ್ತು ಎಕ್ಸಾಸ್ಟ್ ಎರಡೂ ಹೆಡ್ಡಿನ ಒಂದೇ ಬದಿಯಲ್ಲಿದ್ದು ಒಂದೇ ಗ್ಯಾಸ್ಕೆಟ್ಟನ್ನು ಹಂಚಿಕೊಂಡಿರುವ ಎಂಜಿನ್‌ಗಳಲ್ಲಿ, ಎಕ್ಸಾಸ್ಟಿನ ಪಕ್ಕದ ಇನ್‌ಟೇಕ್ ಪೋರ್ಟ್ ಕೂಡ ಗಾಳಿ ಎಳೆಯುತ್ತಿದೆಯೇ ಎಂದು ನೋಡದೆ ಬಿಡಬಾರದು. ಐಡ್ಲಿಂಗ್ ಏರಿ ಹೊಯ್ದಾಡುವುದು, ವ್ಯಾಕ್ಯೂಮ್ ಗೇಜಿನ ಮುಳ್ಳು ಸಮುದ್ರಮಟ್ಟದಲ್ಲಿ ಸಹಜವಾದ 17ರಿಂದ 21 ಇಂಚು ಪಾದರಸಕ್ಕಿಂತ ಕೆಳಗೆ ಸ್ಥಿರವಾಗಿ ನಿಲ್ಲುವುದು ಇದರ ಸೂಚನೆಗಳು. ಈ ಜಾಗದಲ್ಲಿ ಉರಿಯುವ ಸ್ಪ್ರೇ ಸಿಂಪಡಿಸಿ ಪರೀಕ್ಷಿಸುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಕೆಂಡದಂಥ ಎಕ್ಸಾಸ್ಟ್ ಎರಡೇ ಇಂಚು ಪಕ್ಕದಲ್ಲಿರುವಾಗ ಸೋಪಿನ ನೀರಿನ ಸಿಂಚನವೇ ಸಾಕಷ್ಟು ಹೇಳುತ್ತದೆ, ಏಕೆಂದರೆ ನೀರು ಸಂದಿಯನ್ನು ಮುಚ್ಚಿದ ಕ್ಷಣ ಎಂಜಿನ್ನಿನ ಲಯ ಬದಲಾಗುತ್ತದೆ.

ಗ್ಯಾಸ್ಕೆಟ್ ಏಕೆ ಹೋಯಿತು

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ನಾಲ್ಕು ಸಿಲಿಂಡರಿನ ಒಂದು ಹಳೆಯ ಕಾರಿನಲ್ಲಿ ಕೊನೆಯ ಪೋರ್ಟಿನ ಗ್ಯಾಸ್ಕೆಟ್ಟನ್ನು ಬದಲಿಸಿದೆ; ಕೆಲವು ತಿಂಗಳಲ್ಲಿ ಅದೇ ಪೋರ್ಟ್ ಮತ್ತೆ ಸೋರಿತು. ಗ್ಯಾಸ್ಕೆಟ್ ಕಳಪೆ ಎಂದು ಬೈದುಕೊಂಡು ಇನ್ನೊಂದು ಹಾಕಿದೆ. ಅದೂ ಹೋಯಿತು. ಮೂರನೆಯ ಬಾರಿ ಕಾರಿನ ಕೆಳಗೆ ಮಲಗಿ ನೋಡಿದಾಗ, ಮುಂಗೊಳವೆಯನ್ನು ಗೇರ್‌ಬಾಕ್ಸಿಗೆ ಹಿಡಿದಿಡಬೇಕಾದ ಬ್ರಾಕೆಟ್ಟೇ ಇಲ್ಲದಿರುವುದು ಕಣ್ಣಿಗೆ ಬಿತ್ತು. ಹಿಂದೆ ಯಾರೋ ಕ್ಲಚ್ ಕೆಲಸಕ್ಕೆ ಬಿಚ್ಚಿದವರು ಅದನ್ನು ಮರಳಿ ಹಾಕಿರಲಿಲ್ಲ. ಇಡೀ ಕೊಳವೆಯ ಭಾರ ಮತ್ತು ಎಂಜಿನ್ ಅಲುಗಿದಾಗಿನ ಸೆಳೆತವೆಲ್ಲ ಮ್ಯಾನಿಫೋಲ್ಡಿನ ಕೊನೆಯ ಎರಡು ಸ್ಟಡ್‌ಗಳ ಮೇಲೆ ಬೀಳುತ್ತಿತ್ತು. ಬ್ರಾಕೆಟ್ ಹಾಕಿದ ಮೇಲೆ ಹೊಸ ಗ್ಯಾಸ್ಕೆಟ್ ಉಳಿಯಿತು. ಅಂದಿನಿಂದ ಹಳೆಯ ಗ್ಯಾಸ್ಕೆಟ್ ತೆಗೆದ ಕೂಡಲೆ ಎಸೆಯದೆ, ಅದು ಎಲ್ಲಿ ಸುಟ್ಟಿದೆ, ಎಲ್ಲಿ ಒತ್ತಿಲ್ಲ ಎಂಬುದನ್ನು ಓದದೆ ಹೊಸದನ್ನು ಪೊಟ್ಟಣದಿಂದ ಹೊರಗೆ ತೆಗೆಯುವುದಿಲ್ಲ.

ಈ ಕೂಡುಗೆರೆಯ ಕಷ್ಟ ಏನೆಂದು ಒಂದು ಸಣ್ಣ ಲೆಕ್ಕದಿಂದ ತಿಳಿಯುತ್ತದೆ. ಎರಕದ ಕಬ್ಬಿಣ ಒಂದು ಡಿಗ್ರಿ ಸೆಲ್ಸಿಯಸ್ ಏರಿಕೆಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 11 ಭಾಗದಷ್ಟು ಹಿಗ್ಗುತ್ತದೆ. 450 ಮಿಲಿಮೀಟರ್ ಉದ್ದದ ಮ್ಯಾನಿಫೋಲ್ಡ್ 20 ಡಿಗ್ರಿಯಿಂದ 400 ಡಿಗ್ರಿಗೆ ಕಾದರೆ ಸುಮಾರು 1.9 ಮಿಲಿಮೀಟರ್ ಬೆಳೆಯುತ್ತದೆ. ನೀರಿನಿಂದ ತಂಪಾಗಿರುವ ಕಬ್ಬಿಣದ ಹೆಡ್ 100 ಡಿಗ್ರಿಯ ಆಸುಪಾಸಿನಲ್ಲೇ ನಿಂತು 0.4 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಉಳಿದ ಒಂದೂವರೆ ಮಿಲಿಮೀಟರ್ ವ್ಯತ್ಯಾಸವನ್ನು ಮ್ಯಾನಿಫೋಲ್ಡ್ ಪ್ರತಿ ಪ್ರಯಾಣದಲ್ಲೂ ಗ್ಯಾಸ್ಕೆಟ್ಟಿನ ಮೇಲೆ ಜಾರಿಯೇ ತೀರಿಸಬೇಕು, ತಣ್ಣಗಾದಾಗ ಮತ್ತೆ ಹಿಂದಕ್ಕೆ ಜಾರಬೇಕು. ನಡುವಿನಿಂದ ಎರಡೂ ಕಡೆಗೆ ಹಂಚಿದರೆ ತುದಿಯ ಪೋರ್ಟ್‌ಗಳು ತಲಾ ಮುಕ್ಕಾಲು ಮಿಲಿಮೀಟರ್ ಅಲೆದಾಡುತ್ತವೆ. ತುದಿಯ ಸ್ಟಡ್‌ಗಳೇ ಮೊದಲು ಮುರಿಯುವುದು, ತುದಿಯ ಪೋರ್ಟ್‌ಗಳೇ ಮೊದಲು ಸೋರುವುದು ಈ ಕಾರಣಕ್ಕೆ. ಮೈಬಲವೆಲ್ಲ ಹಾಕಿ ನಟ್ ಬಿಗಿದವನು ಸೋರಿಕೆ ತಡೆಯುತ್ತಿದ್ದೇನೆ ಎಂದುಕೊಳ್ಳುತ್ತಾನೆ. ಜಾರಲು ಬಿಡದ ಮ್ಯಾನಿಫೋಲ್ಡ್ ಬಾಗುತ್ತದೆ ಇಲ್ಲವೇ ಬಿರಿಯುತ್ತದೆ.

ಅದಕ್ಕೇ ತಯಾರಕರು ಕೊಟ್ಟ ಬಿಗಿತದ ಅಂಕಿಗಳು ಅಚ್ಚರಿಯಾಗುವಷ್ಟು ಸಣ್ಣವು. ಎ-ಸೀರೀಸ್ ಎಂಜಿನ್ನಿನ ಮ್ಯಾನಿಫೋಲ್ಡ್ ನಟ್‌ಗಳಿಗೆ 15 ಪೌಂಡ್-ಅಡಿ, ಅಂದರೆ ಸುಮಾರು 20 ನ್ಯೂಟನ್ ಮೀಟರ್. ಕ್ರೈಸ್ಲರ್‌ನ ಓರೆಯಾಗಿ ನಿಂತ ಆರು ಸಿಲಿಂಡರಿನ ‘ಸ್ಲ್ಯಾಂಟ್ ಸಿಕ್ಸ್’ಗೆ ಇನ್ನೂ ಕಡಿಮೆ, 10 ಪೌಂಡ್-ಅಡಿ. ಆ ಎಂಜಿನ್ನಿನಲ್ಲಿ ಇನ್‌ಟೇಕನ್ನೂ ಎಕ್ಸಾಸ್ಟನ್ನೂ ಒಂದಕ್ಕೊಂದು ಕೂಡಿಸುವ ಬೋಲ್ಟ್‌ಗಳನ್ನು ಸಡಿಲವಾಗಿಯೇ ಇಟ್ಟುಕೊಂಡು, ಎರಡೂ ಹೆಡ್ಡಿಗೆ ಸಮನಾಗಿ ಕೂತ ಮೇಲೆ ಮಾತ್ರ ಬಿಗಿಯಬೇಕು. ಮೊದಲೇ ಬಿಗಿದರೆ ಎರಡೂ ಸೇರಿ ಒಂದು ಗಡುಸು ತುಂಡಾಗಿ ಯಾವ ಪೋರ್ಟೂ ಸರಿಯಾಗಿ ಕೂರುವುದಿಲ್ಲ.

ಗ್ಯಾಸ್ಕೆಟ್ ಅಲ್ಲಲ್ಲಿ ಅಲ್ಲದೆ ಉದ್ದಕ್ಕೂ ಸುಟ್ಟು ಬಿರುಸಾಗಿದ್ದರೆ, ಓಡುತ್ತಿರುವಾಗ ಮ್ಯಾನಿಫೋಲ್ಡ್ ಮಂದ ಕೆಂಪಾಗಿ ಕಾಣುತ್ತಿದ್ದರೆ, ಕಾರಣ ಉರಿಯುವಿಕೆಯಲ್ಲಿದೆ. ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಗಳಿಗೆ) ಹಿಂದೆ ಬಿದ್ದಾಗ ಉರಿ ಸಿಲಿಂಡರಿನಲ್ಲಿ ಮುಗಿಯದೆ ಎಕ್ಸಾಸ್ಟಿನವರೆಗೂ ಮುಂದುವರಿಯುತ್ತದೆ. ಟೈಮಿಂಗ್ ಲೈಟ್ ಇಟ್ಟು, ಡಿಸ್ಟ್ರಿಬ್ಯೂಟರಿನ ತೂಕಗಳೂ ವ್ಯಾಕ್ಯೂಮ್ ಡಯಾಫ್ರಾಮೂ ಕೆಲಸ ಮಾಡುತ್ತಿವೆಯೇ ಎಂದು ನೋಡಿಕೊಳ್ಳಬೇಕು. ಸವೆದ ಎಂಜಿನ್ ಮೌಂಟ್‌ಗಳು, ಹರಿದ ಸೈಲೆನ್ಸರ್ ರಬ್ಬರ್‌ಗಳು ಮಾಡುವ ಹಾನಿ ಮೇಲೆ ಹೇಳಿದ ಬ್ರಾಕೆಟ್ಟಿನ ಕಥೆಯದೇ.

ಬಿಚ್ಚುವುದು

ನಟ್‌ಗಳಿಗೆ ಹಿಂದಿನ ದಿನವೇ ಪೆನೆಟ್ರೇಟಿಂಗ್ ಆಯಿಲ್ ಹಾಕಿ, ಎಂಜಿನ್ನನ್ನು ಒಮ್ಮೆ ಕಾಯಿಸಿ ತಣಿಸಿ ಮತ್ತೆ ಹಾಕಬೇಕು. ಬ್ಯಾಟರಿಯ ತಂತಿ ತೆಗೆದು, ಕಾರ್ಬ್ಯುರೇಟರ್ ಮತ್ತು ಅದರ ಪೆಟ್ರೋಲ್ ನಳಿಕೆಯನ್ನು ದೂರ ಇಟ್ಟ ಮೇಲೆ, ಪ್ರತಿ ನಟ್ಟನ್ನೂ ಮೊದಲು ಕೂದಲೆಳೆಯಷ್ಟು ಬಿಗಿಯುವ ದಿಕ್ಕಿಗೆ ಅಲುಗಿಸಿ, ಆಮೇಲೆ ಸಡಿಲಿಸಬೇಕು. ತುಕ್ಕಿನ ಹಿಡಿತ ಎರಡೂ ಕಡೆಗೆ ಮುರಿದಷ್ಟೂ ಸ್ಟಡ್ ಉಳಿಯುತ್ತದೆ. ಆರು ಮೂಲೆಯ ಸಾಕೆಟ್ಟನ್ನೇ ಬಳಸಬೇಕು. ಹನ್ನೆರಡು ಮೂಲೆಯದು ತುಕ್ಕು ತಿಂದ ನಟ್ಟಿನ ಮೂಲೆಗಳನ್ನು ಉರುಟು ಮಾಡಿಬಿಡುತ್ತದೆ. ಹಟ ಹಿಡಿದ ನಟ್ಟನ್ನು ಪೆಟ್ರೋಲ್ ಆವಿಯಿಲ್ಲದ ಸ್ಥಿತಿಯಲ್ಲಿ ಮಾತ್ರ ಟಾರ್ಚ್ ಜ್ವಾಲೆಯಿಂದ ಕಾಯಿಸಿ, ಬಿಸಿ ಇರುವಾಗಲೇ ಬುಡಕ್ಕೆ ಮೇಣದ ಬತ್ತಿ ಮುಟ್ಟಿಸಿದರೆ ಕರಗಿದ ಮೇಣ ಎಳೆಗಳೊಳಗೆ ಹರಿದುಹೋಗುತ್ತದೆ. ಎಣ್ಣೆ ಮಾಡಲಾಗದ್ದನ್ನು ಮೇಣ ಮಾಡಿದ್ದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಇಷ್ಟಾದ ಮೇಲೂ ಸ್ಟಡ್ ಮುರಿದರೆ ಗಾಬರಿಪಡುವುದಕ್ಕಿಂತ ನಿಲ್ಲುವುದು ಮುಖ್ಯ. ಹೊರಗೆ ಸ್ವಲ್ಪ ಉಳಿದಿದ್ದರೆ ಎರಡು ನಟ್‌ಗಳನ್ನು ಒಂದಕ್ಕೊಂದು ಬಿಗಿದು ಒಳಗಿನದನ್ನು ತಿರುಗಿಸಬಹುದು. ಮೈಮಟ್ಟಕ್ಕೆ ಮುರಿದಿದ್ದರೆ ಅದರ ಮೇಲೆ ನಟ್ ಇಟ್ಟು ಒಳಗಿನಿಂದ ವೆಲ್ಡ್ ಮಾಡಿ, ಸ್ವಲ್ಪ ತಣಿದ ಮೇಲೆ ತಿರುಗಿಸುವುದು ನನ್ನ ಮೊದಲ ಆಯ್ಕೆ. ವೆಲ್ಡಿಂಗಿನ ಕಾವೇ ಅರ್ಧ ಕೆಲಸ ಮಾಡಿರುತ್ತದೆ. ಕೊರೆಯುವುದಾದರೆ ನಡುಬಿಂದುವನ್ನು ಪಂಚಿನಿಂದ ಸರಿಯಾಗಿ ಗುರುತಿಸಿ, ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಬಳಸಬೇಕು. ಕೊರೆಯುತ್ತಿರುವಾಗಲೇ ಸ್ಟಡ್ ತಿರುಗಿ ಹೊರಬರುವುದುಂಟು. ಗಡುಸು ಉಕ್ಕಿನ ತೆಳು ಎಕ್ಸ್‌ಟ್ರ್ಯಾಕ್ಟರನ್ನು ಬಲವಂತದಿಂದ ತಿರುಗಿಸಿ ಅದನ್ನೇ ಒಳಗೆ ಮುರಿದುಕೊಂಡರೆ, ಮುಂದೆ ಸಾಮಾನ್ಯ ಡ್ರಿಲ್ ಅದನ್ನು ಕೊರೆಯಲಾರದು. ಕೆಲವು ಹೆಡ್‌ಗಳಲ್ಲಿ ಸ್ಟಡ್ಡಿನ ತೂತು ವಾಟರ್ ಜಾಕೆಟ್ಟಿಗೆ ತೆರೆದುಕೊಳ್ಳುತ್ತದೆ. ಅಂಥಲ್ಲಿ ಮೊದಲು ನೀರು ಇಳಿಸಿ, ಹೊಸ ಸ್ಟಡ್ಡಿನ ಎಳೆಗೆ ಸೀಲೆಂಟ್ ಹಚ್ಚಬೇಕು. ಅಲ್ಯೂಮಿನಿಯಂ ಹೆಡ್ಡಿನಲ್ಲಿ ಎಳೆ ಕಿತ್ತುಬಂದರೆ ತಂತಿಯ ಸುರುಳಿಯಂಥ ಇನ್‌ಸರ್ಟ್ ಹಾಕುವುದೇ ಸರಿಯಾದ ದಾರಿ.

ಶುಚಿ ಮಾಡುವುದು, ಅಳೆಯುವುದು

ಹಳೆಯ ಗ್ಯಾಸ್ಕೆಟ್ ಕೆರೆಯುವ ಮುನ್ನ ಒಂದು ಎಚ್ಚರಿಕೆ ಬೇಕೇ ಬೇಕು. ಆ ಕಾಲದ ಎಕ್ಸಾಸ್ಟ್ ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರನ್ನು (ಆಸ್ಬೆಸ್ಟಾಸ್) ಧಾರಾಳವಾಗಿ ಬಳಸುತ್ತಿದ್ದರು, ವರ್ಷಗಟ್ಟಲೆ ಕಪಾಟಿನಲ್ಲಿದ್ದ ‘ಹೊಸ’ ಹಳೆಯ ದಾಸ್ತಾನಿನಲ್ಲೂ ಅದು ಇರಬಹುದು. ಒಣಗಿದ್ದಾಗ ಕೆರೆಯುವುದು, ಡ್ರಿಲ್ಲಿಗೆ ತಂತಿಯ ಬ್ರಷ್ ಹಾಕಿ ಉಜ್ಜುವುದು, ಗಾಳಿ ಊದುವುದು ಕೂಡದು. ಸೋಪಿನ ನೀರಿನಲ್ಲಿ ಚೆನ್ನಾಗಿ ನೆನೆಸಿ, ತಕ್ಕ ಮಾಸ್ಕ್ ಧರಿಸಿ, ಕೈಯಿಂದ ಕೆರೆದು, ಬಂದದ್ದನ್ನು ಒದ್ದೆಯಾಗಿಯೇ ಚೀಲದಲ್ಲಿ ಕಟ್ಟಿ ನಿಯಮದಂತೆ ವಿಲೇವಾರಿ ಮಾಡಬೇಕು. ಪೋರ್ಟ್‌ಗಳಿಗೆ ಬಟ್ಟೆ ತುರುಕಿಟ್ಟಿದ್ದರೆ ಅವುಗಳನ್ನು ಎಣಿಸಿಟ್ಟುಕೊಳ್ಳುವುದು ಒಳ್ಳೆಯದು.

ಶುಚಿಯಾದ ಮ್ಯಾನಿಫೋಲ್ಡಿನ ಮುಖಕ್ಕೆ ಸ್ಟ್ರೈಟ್ ಎಡ್ಜ್ ಇಟ್ಟು ಅಡಿಯಲ್ಲಿ ಫೀಲರ್ ಗೇಜ್ ತೂರಿಸಿ ನೋಡಬೇಕು. ಕಾರಿನ ಕೈಪಿಡಿ ಬೇರೆ ಅಂಕಿ ಹೇಳದಿದ್ದರೆ, ಅಕ್ಕಪಕ್ಕದ ಎರಡು ಪೋರ್ಟ್‌ಗಳ ನಡುವೆ 0.1 ಮಿಲಿಮೀಟರ್, ಇಡೀ ಉದ್ದಕ್ಕೆ 0.2 ಮಿಲಿಮೀಟರ್ ದಾಟಿದ ಮ್ಯಾನಿಫೋಲ್ಡನ್ನು ನಾನು ಮುಖ ಸಮ ಮಾಡಿಸಲು ಮೆಷೀನಿಂಗಿಗೆ ಕಳುಹಿಸುತ್ತೇನೆ. ದಪ್ಪ ಗ್ಯಾಸ್ಕೆಟ್ ಅಥವಾ ಒಂದರ ಮೇಲೊಂದು ಎರಡು ಗ್ಯಾಸ್ಕೆಟ್ ಇಟ್ಟು ಬಾಗನ್ನು ಮುಚ್ಚುವುದು ಕೆಲವು ವಾರಗಳ ಪರಿಹಾರ ಮಾತ್ರ. ಹೆಡ್ಡಿನ ಮುಖವನ್ನೂ ಹೀಗೆಯೇ ನೋಡಬೇಕಾದರೂ ಅಲ್ಲಿ ಬಾಗು ಸಿಗುವುದು ವಿರಳ. ಅನಿಲ ಕೊರೆದ ಕಾಲುವೆಯಂಥ ಗೀರು ಸಿಗುವುದು ಹೆಚ್ಚು.

ಇನ್‌ಟೇಕ್ ಮತ್ತು ಎಕ್ಸಾಸ್ಟ್ ಫ್ಲಾಂಜ್‌ಗಳೆರಡನ್ನೂ ಒಂದೇ ದಪ್ಪ ವಾಷರ್ ಅಡ್ಡಲಾಗಿ ಒತ್ತಿಹಿಡಿಯುವ ವಿನ್ಯಾಸದಲ್ಲಿ ಬಹಳ ಮಂದಿ ಎಡವುವ ಜಾಗವೊಂದಿದೆ. ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ಮಾತ್ರ ಮೆಷೀನಿಂಗ್ ಮಾಡಿಸಿ ತಂದರೆ ಅದರ ಫ್ಲಾಂಜ್ ಇನ್‌ಟೇಕಿಗಿಂತ ತೆಳುವಾಗಿರುತ್ತದೆ. ಆಗ ವಾಷರ್ ದಪ್ಪವಿರುವ ಇನ್‌ಟೇಕಿನ ಮೇಲೆ ಕೂತು ಓರೆಯಾಗುತ್ತದೆ, ನಟ್ಟಿನ ಬಲವೆಲ್ಲ ಇನ್‌ಟೇಕಿಗೆ ಹೋಗುತ್ತದೆ, ಅಷ್ಟು ಕಷ್ಟಪಟ್ಟು ಸಮ ಮಾಡಿದ ಎಕ್ಸಾಸ್ಟ್ ಮುಖಕ್ಕೆ ಒತ್ತಡವೇ ಸಿಗುವುದಿಲ್ಲ. ವರ್ನಿಯರಿನಿಂದ ಎರಡೂ ಫ್ಲಾಂಜ್‌ಗಳ ದಪ್ಪವನ್ನು ಪ್ರತಿ ಸ್ಟಡ್ಡಿನ ಬಳಿ ಅಳೆದು, ಎರಡನ್ನೂ ಸಮಕ್ಕೆ ತರಬೇಕು. ಬಾಗಿದ ಹಳೆಯ ವಾಷರ್‌ಗಳನ್ನು ಮರಳಿ ಬಳಸಬಾರದು.

ಹೊಸ ಗ್ಯಾಸ್ಕೆಟ್ ಕೂರಿಸುವುದು

ತೂತು ಮಾಡಿದ ಉಕ್ಕಿನ ಹಾಳೆಯ ಎರಡೂ ಬದಿಗೆ ಗ್ರಾಫೈಟ್ ಹಚ್ಚಿದ ಗ್ಯಾಸ್ಕೆಟ್ ಮೂಲ ಎರಕದ ಮ್ಯಾನಿಫೋಲ್ಡಿಗೆ ಚೆನ್ನಾಗಿ ಒಗ್ಗುತ್ತದೆ. ಸಣ್ಣಪುಟ್ಟ ಗೀರುಗಳನ್ನು ತುಂಬಿಕೊಳ್ಳುತ್ತದೆ, ಜಾರಲೂ ಬಿಡುತ್ತದೆ. ಬರೀ ತಾಮ್ರದ್ದಾದರೆ ಮಂದ ಕೆಂಪಾಗುವವರೆಗೆ ಕಾಯಿಸಿ ತಣಿಸಿ ಮೆದುಮಾಡಿಕೊಂಡೇ ಹಾಕಬೇಕು. ಒಂದು ಬದಿಗೆ ಮಾತ್ರ ಲೋಹದ ಮುಖವಿರುವ ಗ್ಯಾಸ್ಕೆಟ್ಟಿನಲ್ಲಿ ಆ ಮುಖ ಸಾಮಾನ್ಯವಾಗಿ ಮ್ಯಾನಿಫೋಲ್ಡಿನ ಕಡೆಗಿರಬೇಕು, ಏಕೆಂದರೆ ಜಾರುವುದು ಆ ಬದಿ. ಹಿಂದಿನ ಕೆಲವು ಅಮೆರಿಕನ್ ಎಂಜಿನ್‌ಗಳು ಕಾರ್ಖಾನೆಯಿಂದ ಬಂದದ್ದೇ ಇಲ್ಲಿ ಗ್ಯಾಸ್ಕೆಟ್ ಇಲ್ಲದೆ, ನಯವಾಗಿ ಕೆತ್ತಿದ ಲೋಹಕ್ಕೆ ಲೋಹ ತಾಗಿಸಿ. ಅಂಥ ಎಂಜಿನ್ನಿನಲ್ಲಿ ‘ಗ್ಯಾಸ್ಕೆಟ್ ಕಾಣೆಯಾಗಿದೆ’ ಎಂದು ತೀರ್ಮಾನಿಸುವ ಮುನ್ನ ಅದರ ಕೈಪಿಡಿಯನ್ನು ನೋಡಬೇಕು.

ಗ್ಯಾಸ್ಕೆಟ್ಟನ್ನು ಒಣದಾಗಿ ಸ್ಟಡ್‌ಗಳಿಗೆ ತೂಗಿಸಿ, ಅದರ ಅಂಚು ಯಾವ ಪೋರ್ಟಿನೊಳಕ್ಕೂ ಚಾಚಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಚಾಚಿದ ಅಂಚು ಸುಟ್ಟು, ಅಲ್ಲಿಂದಲೇ ಮುಂದಿನ ಸೋರಿಕೆ ಶುರುವಾಗುತ್ತದೆ. ಸಿಲಿಕೋನ್ ಸೀಲೆಂಟ್ ಬೇಡ. ಕೆಲವು ನೂರು ಡಿಗ್ರಿ ತಡೆಯುವ ಅಂಟು, 600 ಡಿಗ್ರಿ ದಾಟುವ ಅನಿಲದ ಎದುರು ನಿಲ್ಲುವುದಿಲ್ಲ, ಸುಟ್ಟುಹೋದ ಮೇಲೆ ಖಾಲಿ ಜಾಗವನ್ನು ಬಿಟ್ಟುಹೋಗುತ್ತದೆ. ಸ್ಟಡ್‌ಗಳಿಗೆ ಹಿತ್ತಾಳೆಯ ನಟ್‌ಗಳನ್ನೇ ಹಾಕಿದರೆ ಮುಂದಿನ ಬಾರಿ ಬಿಚ್ಚುವವರು ಹರಸುತ್ತಾರೆ. ಎಳೆಗಳಿಗೆ ಹೆಚ್ಚು ಕಾವು ತಡೆಯುವ ಆಂಟಿ-ಸೀಜ್ ಲೇಪ ಹಚ್ಚಿದ್ದರೆ ಘರ್ಷಣೆ ಕಡಿಮೆಯಾಗಿ ಅದೇ ಟಾರ್ಕಿಗೆ (ತಿರುಗಿಸುವ ಬಲಕ್ಕೆ) ಹೆಚ್ಚು ಬಿಗಿತ ಬರುತ್ತದೆ. ಒಣ ಎಳೆಗಳಿಗೆಂದು ಕೊಟ್ಟ ಅಂಕಿಯಾದರೆ ಅದನ್ನು ಸ್ವಲ್ಪ ಇಳಿಸಿಕೊಳ್ಳಬೇಕು.

ಎಲ್ಲ ನಟ್‌ಗಳನ್ನೂ ಕೈಯಿಂದ ತಿರುಗಿಸಿ ಕೂರಿಸಿದ ಮೇಲೆ, ನಡುವಿನಿಂದ ಶುರುಮಾಡಿ ಎಡಬಲಕ್ಕೆ ಹೋಗುತ್ತ, ಮೂರು ಸುತ್ತುಗಳಲ್ಲಿ ಪೂರ್ಣ ಟಾರ್ಕಿಗೆ ತರಬೇಕು. ಮುಂಗೊಳವೆಯನ್ನು ಆಮೇಲೆ ಕೂಡಿಸಬೇಕು. ಅದನ್ನು ಕೈಯಿಂದ ಎತ್ತಿ ಹಿಡಿದಾಗ ಬಲವಂತವಿಲ್ಲದೆ ಫ್ಲಾಂಜಿಗೆ ಹೊಂದಬೇಕು. ಹೊಂದದಿದ್ದರೆ ಬೋಲ್ಟಿನಿಂದ ಎಳೆದು ಕೂಡಿಸದೆ, ಹಿಂದಿನ ಕ್ಲ್ಯಾಂಪ್‌ಗಳನ್ನೆಲ್ಲ ಸಡಿಲಿಸಿ, ಎಂಜಿನ್ನನ್ನು ಒಮ್ಮೆ ಅಲುಗಿಸಿ, ಮುಂದಿನಿಂದ ಹಿಂದಕ್ಕೆ ಒಂದೊಂದಾಗಿ ಬಿಗಿಯುತ್ತ ಬರಬೇಕು. ಗೇರ್‌ಬಾಕ್ಸಿನ ಬ್ರಾಕೆಟ್ ಮರೆಯಬಾರದೆಂದು ನಾನು ಅದನ್ನು ಕೆಲಸದ ಮೇಜಿನ ನಟ್ಟನಡುವೆ ಇಟ್ಟುಕೊಳ್ಳುತ್ತೇನೆ.

ಮೊದಲ ಬಾರಿ ಓಡಿಸಿದಾಗ ಎಣ್ಣೆ, ಮೇಣ, ಗ್ರಾಫೈಟಿನ ಅಂಟು ಸುಟ್ಟು ಸ್ವಲ್ಪ ಹೊಗೆ ಬರುತ್ತದೆ. ಹತ್ತು ಹದಿನೈದು ನಿಮಿಷಗಳಲ್ಲಿ ಅದು ನಿಲ್ಲಬೇಕು. ಪೂರ್ತಿ ಬಿಸಿಯಾಗುವವರೆಗೆ ಓಡಿಸಿ, ರಾತ್ರಿಯೆಲ್ಲ ತಣಿಯಲು ಬಿಟ್ಟು, ತಣ್ಣಗಿರುವಾಗಲೇ ಅದೇ ಕ್ರಮದಲ್ಲಿ ಟಾರ್ಕನ್ನು ಮತ್ತೊಮ್ಮೆ ನೋಡಬೇಕು. ಗ್ಯಾಸ್ಕೆಟ್ ಅಮುಕಿಕೊಂಡು ಒಂದೆರಡು ನಟ್‌ಗಳು ಕಾಲು ಸುತ್ತಿನಷ್ಟು ಒಪ್ಪಿಕೊಳ್ಳುವುದು ಸಹಜ. ಲಾಕ್ ಪ್ಲೇಟ್‌ಗಳಿದ್ದರೆ ಅವುಗಳ ಕಿವಿಗಳನ್ನು ಮಡಚುವುದು ಇದಾದ ಮೇಲೆಯೇ. ಕೆಲವು ನೂರು ಕಿಲೋಮೀಟರ್ ಓಡಿದ ಬಳಿಕ ಇನ್ನೊಮ್ಮೆ ನೋಡಿದಾಗ ಅದೇ ಒಂದು ನಟ್ ಮತ್ತೆ ಮತ್ತೆ ಸಡಿಲಗೊಂಡಿದ್ದರೆ, ಅದನ್ನು ಇನ್ನಷ್ಟು ಬಿಗಿಯಬಾರದು. ಅಲ್ಲಿ ಸ್ಟಡ್ಡಿನ ಎಳೆ ಮೇಲೇಳುತ್ತಿರಬಹುದು, ಇಲ್ಲವೇ ವಾಷರ್ ಓರೆಯಾಗಿರಬಹುದು. ಆ ಒಂದು ನಟ್ಟನ್ನು ತೆಗೆದು ನೋಡಿ, ಮರುದಿನ ಬೆಳಿಗ್ಗೆ ತಣ್ಣನೆಯ ಎಂಜಿನ್ ಚಾಲೂ ಮಾಡಿ, ಮತ್ತೆ ಆ ರಬ್ಬರ್ ಕೊಳವೆಯನ್ನು ಕಿವಿಗಿಟ್ಟು ಕೇಳಬೇಕು.